ಅಜ್ಜಿಯ ಕಂಬಳಿ ಪೆಟ್ಟಿಗೆ: ಮಳೆ ಹಿಡಿಯುವ ಮುಂಚೆ ಏನೇನು ಮಾಡಲಿ?

ಮಂಡಗದ್ದೆ ಹೊಳೆಬದಿ (ಏಪ್ರಿಲ್ 24)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಮಂಡಗದ್ದೆ ಹತ್ತಿರ. ಹೋದ ತಿಂಗಳು ತವರಿನಲ್ಲಿ ಹಿಸ್ಸೆ ಆಯಿತು. ಹಂಡೆ, ಕೊಪ್ಪರಿಗೆ, ಒನಕೆ ಎಲ್ಲ ಅವರವರ ಪಾಲಿಗೆ ಹೋಯಿತು. ನಾನು ಕೇಳಿದ್ದು ಅಜ್ಜಿಯ ಮರದ ಪೆಟ್ಟಿಗೆ ಒಂದೇ. ಮನೆಯಲ್ಲಿ ಎಲ್ಲರೂ ಅದನ್ನು ಕಂಬಳಿ ಪೆಟ್ಟಿಗೆ ಅಂತಲೇ ಕರೆಯುತ್ತಿದ್ದೆವು. ನಾಲ್ಕು ಜನ ಹಿಡಿದು ಪಿಕಪ್‌ಗೆ ಹತ್ತಿಸಿದರು.

ಉದ್ದ 4 ಅಡಿ 2 ಇಂಚು, ಅಗಲ 2 ಅಡಿ, ಎತ್ತರ ಕಾಲೂ ಸೇರಿ 2 ಅಡಿ 3 ಇಂಚು. ಹೊರಗೆ ಹೆಚ್ಚುಕಮ್ಮಿ ಕಪ್ಪು. ಮೂಲೆಗಳಿಗೆ ಹಿತ್ತಾಳೆ ಪಟ್ಟಿ, ಮುಂದೆ ಒಂದು ದೊಡ್ಡ ಕೊಂಡಿ. ಕೆತ್ತನೆ ಏನೂ ಇಲ್ಲ. ಒಳಗೆ ಎಡಗಡೆ ಸಣ್ಣ ಮುಚ್ಚಳ ಇರುವ ಒಂದು ಗೂಡಿದೆ.

ಅಜ್ಜಿಯ ಊರು ಶರಾವತಿ ದಡದಲ್ಲಿತ್ತು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದಕ್ಕೆ ಮುಂಚೆಯೇ ಮುಳುಗಡೆ ಅಂತ ಮನೆ ಬಿಟ್ಟು ಬಂದರು. ಬಾಗಿಲು, ಕಂಬ, ಹೆಂಚು ಎಲ್ಲ ಬಿಚ್ಚಿ ಲಾರಿಗೆ ತುಂಬಿದ್ದರಂತೆ. ದೇವರ ಸಾಮಾನು ಈ ಪೆಟ್ಟಿಗೆಯೊಳಗೆ, ಕಂಬಳಿಯಲ್ಲಿ ಸುತ್ತಿ. ಪೆಟ್ಟಿಗೆ ಮೇಲೆ ನಮ್ಮಮ್ಮ. ಆಗ ಅವಳಿಗೆ ಐದಾರು ವರ್ಷ. ದಾರಿಯುದ್ದಕ್ಕೂ ಆ ಕೊಂಡಿ ಹಿಡಿದುಕೊಂಡೇ ಕೂತಿದ್ದೆ ಅಂತ ಈಗಲೂ ಹೇಳುತ್ತಾಳೆ.

ಹಾಗಾಗಿ ಇದನ್ನು ಶೋಗೆ ಇಡುವ ಆಸೆ ನನಗಿಲ್ಲ. ಬಳಸಬೇಕು. ನಮ್ಮ ಮನೆಯಲ್ಲಿ ಎರಡು ಚಳ್ಳಕೆರೆ ಕಂಬಳಿ, ಮೂರು ರಜಾಯಿ, ಒಂದು ಜಮಖಾನ, ಅಜ್ಜಿ ಹೊಲಿದ ಕೂಸಿನ ದುಪ್ಪಟಿಗಳು ಇವೆ. ಈಗ ಎಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಅಟ್ಟದ ಮೇಲೆ ಬಿದ್ದಿವೆ. ಮಗಳಿಗೆ ಆಗಸ್ಟ್‌ನಲ್ಲಿ ಹೆರಿಗೆ. ಆ ದುಪ್ಪಟಿಗಳು ಆಗ ಬೇಕಾಗುತ್ತವೆ.

ಪೆಟ್ಟಿಗೆ ತೆಗೆದರೆ ಮೂಗಿಗೆ ಹೊಡೆಯುವ ಹಳಸಲು ವಾಸನೆ. ಒಳಗೆ ಹಿಂಬದಿಯ ಹಲಗೆಗೆ ಬಿಳಿ ಬೂಷ್ಟು ಹತ್ತಿದೆ. ಅಡಿ ಹಲಗೆಯ ಒಂದು ಮೂಲೆಯಲ್ಲಿ ರವೆಗಿಂತ ನುಣ್ಣಗಿನ ಪುಡಿ ಬೀಳುತ್ತಿದೆ, ಸಣ್ಣ ಸಣ್ಣ ತೂತುಗಳೂ ಇವೆ. ಮುಚ್ಚಳದಲ್ಲಿ ಒಂದು ಗೇಣುದ್ದದ ಸೀಳು. ಪಕ್ಕದ ಮನೆಯವರು "ಚೆನ್ನಾಗಿ ಉಜ್ಜಿಸಿ, ಒಳಗೂ ಹೊರಗೂ ವಾರ್ನಿಶ್ ಹೊಡೆಸಿ, ಎಲ್ಲ ಸರಿಹೋಗುತ್ತೆ" ಅಂದರು. ಹಳೆ ಸಾಮಾನು ಕೊಳ್ಳುವ ಒಬ್ಬರು ಎರಡು ಸಲ ಬಂದು ಬೆಲೆ ಕೇಳಿಕೊಂಡು ಹೋದರು. ಕೊಡುವುದಿಲ್ಲ ಅಂದಿದ್ದೇನೆ.

ಮಳೆ ಹಿಡಿಯುವುದಕ್ಕೆ ಇನ್ನು ಐದಾರು ವಾರ ಇದೆ. ಯಾವುದು ಮೊದಲು ಮಾಡಲಿ? ಯಾವುದನ್ನು ಮಾಡಲೇಬಾರದು? ತಿಳಿದವರು ಹೇಳಿ.

ಸಾಗರದ ಆಚಾರಿ ಮನೆ (ಏಪ್ರಿಲ್ 24)

ಅಕ್ಕಾ, ಮೊದಲ ಮಾತು. ಉಜ್ಜಿಸಬೇಡಿ. ಮಷೀನ್ ಇಟ್ಟು ಉಜ್ಜಿದರೆ ಅರವತ್ತು ಎಪ್ಪತ್ತು ವರ್ಷ ಕೈ ಆಡಿ ಬಂದ ಬಣ್ಣ ಅರ್ಧ ಗಂಟೆಯಲ್ಲಿ ಹೋಗುತ್ತದೆ. ಅದನ್ನು ಯಾವ ಪಾಲಿಶೂ ವಾಪಸ್ ತರುವುದಿಲ್ಲ. ನಮ್ಮದು ಮೂರು ತಲೆಮಾರಿನಿಂದ ಮರಗೆಲಸದ ಮನೆ. ನಾನು ಈಗಲೂ ಹಳೆ ಪೆಟ್ಟಿಗೆ ರಿಪೇರಿಗೆ ಅಂತ ಬಂದರೆ ಬೇರೆ ಕೆಲಸ ಬಿಟ್ಟು ಅದನ್ನೇ ಹಿಡಿಯುತ್ತೇನೆ.

ಯಾವ ಮರ ಅಂತ ಮೊದಲು ತಿಳಿದುಕೊಳ್ಳಿ. ಹೊರಗಿನ ಬಣ್ಣ ನೋಡಿ ಹೇಳಲಾಗುವುದಿಲ್ಲ, ಹೊಗೆ ತಿಂದು ಎಲ್ಲ ಮರವೂ ಕಪ್ಪಾಗಿರುತ್ತದೆ. ಅಡಿಗೆ, ಕಾಣದ ಜಾಗದಲ್ಲಿ, ಉಳಿಯ ತುದಿಯಿಂದ ಒಂದು ಅಕ್ಕಿಕಾಳಿನಷ್ಟು ಗೀರಿ. ಒಳಗೆ ಅರಿಶಿನದ ಬಣ್ಣ ಕಂಡರೆ ಹಲಸು. ಹಲಸು ಹೊಸದರಲ್ಲಿ ಹಳದಿ, ವರ್ಷ ಕಳೆದ ಹಾಗೆ ಕೆಂಪು ಕಂದಾಗುತ್ತದೆ, ಆದರೆ ಗೀರಿದರೆ ಹಳದಿ ಬಿಟ್ಟುಕೊಡುತ್ತದೆ. ಜೇನಿನ ಬಣ್ಣ, ಮುಟ್ಟಿದರೆ ಸ್ವಲ್ಪ ಜಿಡ್ಡು, ಚರ್ಮದ ಹಾಗೆ ವಾಸನೆ ಇದ್ದರೆ ಸಾಗುವಾನಿ. ನೇರಳೆ ಮಿಶ್ರ ಕಪ್ಪು ಗೆರೆ, ಕಲ್ಲಿನಂಥ ತೂಕ ಇದ್ದರೆ ಬೀಟೆ. ಒಂದೇ ಪೆಟ್ಟಿಗೆಯಲ್ಲಿ ಎರಡು ಮೂರು ಮರ ಇರುವುದು ಸಾಮಾನ್ಯ. ಕಾಣುವ ಕಡೆ ಒಳ್ಳೆ ಮರ, ಅಡಿಗೆ ಕೈಗೆ ಸಿಕ್ಕಿದ್ದು.

ಆಮೇಲೆ ಮೂಲೆ ನೋಡಿ. ಹಿತ್ತಾಳೆ ಪಟ್ಟಿಯ ಪಕ್ಕದಲ್ಲಿ ಹಲಗೆಗಳು ಎರಡು ಕೈಬೆರಳು ಹೆಣೆದ ಹಾಗೆ ಒಂದಕ್ಕೊಂದು ಕಚ್ಚಿಕೊಂಡಿವೆಯಾ? ಹಲ್ಲುಗಳು ತುದಿಗೆ ಅಗಲ, ಬುಡಕ್ಕೆ ಸಣ್ಣ ಇವೆಯಾ? ನಾವು ಡವ್‌ಟೇಲ್ ಅನ್ನುವುದು ಅದಕ್ಕೇ. ಎಳೆದರೂ ಬಿಡುವುದಿಲ್ಲ, ಮೊಳೆ ಬೇಡ. ಹಲ್ಲುಗಳು ಒಂದರ ಹಾಗೆ ಒಂದಿಲ್ಲದೆ ಸ್ವಲ್ಪ ಹೆಚ್ಚುಕಮ್ಮಿ ಇದ್ದರೆ ಕೈಯಲ್ಲಿ ಕತ್ತರಿಸಿದ್ದು. ಅಳತೆ ಹಿಡಿದ ಹಾಗೆ ಎಲ್ಲ ಒಂದೇ ಇದ್ದರೆ ಮಷೀನ್ ಕೆಲಸ. ಇನ್ನೊಂದು ಗುರುತು, ಅಡಿ ಹಲಗೆಯ ಕೆಳಗೆ ಕೈ ಆಡಿಸಿ. ಬಾಚಿ ಏಟಿನ ತಗ್ಗುಗಳು ಅಲೆ ಅಲೆಯಾಗಿ ಸಿಗುತ್ತವೆ. ಹಳೆ ಆಚಾರಿಗಳು ಕಾಣದ ಕಡೆ ನುಣುಪು ಮಾಡುತ್ತಿರಲಿಲ್ಲ. ಬಿಜಾಗ್ರಿಯಲ್ಲಿ ಪ್ಲಸ್ ತಲೆಯ ಸ್ಕ್ರೂ ಕಂಡರೆ ಗಾಬರಿ ಬೇಡ. ಆ ಸ್ಕ್ರೂ ಬಳಕೆಗೆ ಬಂದದ್ದೇ 1930ರ ದಶಕದಿಂದ ಈಚೆಗೆ. ಅದರಿಂದ ತಿಳಿಯುವುದು ಬಿಜಾಗ್ರಿ ಯಾವಾಗಲೋ ಬದಲಾಗಿದೆ ಅಂತ ಮಾತ್ರ.

ಸೀಳಿನ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ಎಡವುವುದು ಇಲ್ಲೇ. ಮರ ಉದ್ದಕ್ಕೆ ಬೆಳೆಯುವುದಿಲ್ಲ, ಅಡ್ಡಕ್ಕೆ ಉಬ್ಬುತ್ತದೆ. ನಮ್ಮ ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರು ಕುಡಿದು ಅಗಲ ಆಗುತ್ತದೆ, ಮಾರ್ಚ್ ಏಪ್ರಿಲ್‌ನಲ್ಲಿ ಒಣಗಿ ಸಣ್ಣ ಆಗುತ್ತದೆ. ಹಳಬರು ಅಡಿ ಹಲಗೆಯನ್ನು ತೋಡು ತೆಗೆದು ಸುಮ್ನೆ ಕೂರಿಸುತ್ತಿದ್ದರು, ಅಂಟು ಹಾಕುತ್ತಿರಲಿಲ್ಲ. ಆ ಹಲಗೆಗೆ ಓಡಾಡಲು ಜಾಗ ಬೇಕು ಅಂತ. ನೀವು ಈಗ ನೋಡುತ್ತಿರುವುದು ವರ್ಷದಲ್ಲೇ ಅತಿ ಒಣ ತಿಂಗಳಿನ ಸೀಳು. ನಾನು ಕೆಲಸ ಕಲಿಯುವಾಗ ಒಂದು ಪೆಟ್ಟಿಗೆಯ ಇಂಥದೇ ಸೀಳಿಗೆ ಮಾರ್ಚ್‌ನಲ್ಲಿ ಅಂಟು, ಮರದ ಪುಡಿ ಕಲಸಿ ಗಟ್ಟಿಯಾಗಿ ತುಂಬಿದೆ. ಜುಲೈನಲ್ಲಿ ಅವರು ಕರೆದು ತೋರಿಸಿದರು. ತುಂಬಿದ್ದು ಹಾಗೇ ಇತ್ತು, ಪಕ್ಕದಲ್ಲಿ ಮುಚ್ಚಳ ಈ ತುದಿಯಿಂದ ಆ ತುದಿಗೆ ಬಿರಿದಿತ್ತು. ಉಬ್ಬಿದ ಮರಕ್ಕೆ ಹೋಗಲು ಜಾಗ ಇರಲಿಲ್ಲ. ಅಪ್ಪ ಏನೂ ಬೈಯಲಿಲ್ಲ, ಆ ಮುಚ್ಚಳವನ್ನು ನನ್ನ ಕೈಯಲ್ಲೇ ಪೂರ್ತಿ ಮತ್ತೆ ಮಾಡಿಸಿದರು.

ಹಾಗಾಗಿ ನಿಮ್ಮ ಸೀಳನ್ನು ಈಗ ಮುಟ್ಟಬೇಡಿ. ಆಗಸ್ಟ್‌ನಲ್ಲಿ ನೋಡಿ. ತಾನಾಗೇ ಮುಚ್ಚಿಕೊಂಡಿದ್ದರೆ ಅದರ ಪಾಡಿಗೆ ಬಿಡಿ. ಮುಚ್ಚದಿದ್ದರೆ ಮುಚ್ಚಳದ ಒಳಗಡೆ ಒಂದು ಅಡ್ಡಪಟ್ಟಿ ಹಾಕಿಸಿ, ಆ ಪಟ್ಟಿಯ ಸ್ಕ್ರೂ ತೂತು ಉದ್ದುದ್ದ ಇರಲಿ.

ಪುಡಿ ಬೀಳುವುದು ಕುಟ್ಟೆ ಹುಳುವಿನದು. ಈಗಲೂ ಹುಳು ಇದೆಯಾ, ಹಳೇ ಪುಡಿ ಉದುರುತ್ತಿದೆಯಾ ಅಂತ ತಿಳಿಯಬೇಕು. ಎಲ್ಲ ಗುಡಿಸಿ ತೆಗೆದು, ಆ ಮೂಲೆಯ ಕೆಳಗೆ ಕಪ್ಪು ಬಟ್ಟೆ ಹಾಸಿ 2 ವಾರ ಬಿಡಿ. ಹೊಸದಾಗಿ ತಿಳಿ ಬಣ್ಣದ ಪುಡಿ ಬಿದ್ದರೆ ಹುಳು ಬದುಕಿದೆ. ಸಾಮಾನ್ಯವಾಗಿ ಚೇಗಿಗೆ ಬರುವುದಿಲ್ಲ, ಹೊರಗಿನ ಬಿಳಿ ಮರಕ್ಕೆ ಬರುತ್ತದೆ. ಒಳಗೆ ಪಾಲಿಶ್ ಇಲ್ಲದ ಮರ ಆದ್ದರಿಂದ ಬಿಳಿಗಾರವನ್ನು ಬಿಸಿನೀರಿನಲ್ಲಿ ಕರಗಿಸಿ ಬ್ರಶ್‌ನಲ್ಲಿ ಎರಡು ಮೂರು ಸಲ ಹಚ್ಚಿ, ಒಂದೊಂದು ಸಲಕ್ಕೂ ಚೆನ್ನಾಗಿ ಒಣಗಿಸಿ. ಮರ ಅದನ್ನು ಕುಡಿಯುತ್ತದೆ. ಸೀಮೆಎಣ್ಣೆ ಹಾಕಬೇಡಿ, ವಾಸನೆ ವರ್ಷಗಟ್ಟಲೆ ಕಂಬಳಿಗೆ ಹತ್ತುತ್ತದೆ. ಗೇರೆಣ್ಣೆ ಹಚ್ಚುವುದಾದರೆ ಕಾಲಿನ ಅಡಿಗೆ ಮಾತ್ರ, ಅದೂ ಕೈಗವಸು ಹಾಕಿಕೊಂಡು. ಚರ್ಮ ಸುಡುತ್ತದೆ.

ಒಳಗೆ ವಾರ್ನಿಶ್ ಬೇಡವೇ ಬೇಡ. ವಾಸನೆಯನ್ನು ಒಳಗೆ ಹಾಕಿ ಬೀಗ ಹಾಕಿದ ಹಾಗೆ ಆಗುತ್ತದೆ. ಒಳಗೆ ಎಣ್ಣೆಯೂ ಬೇಡ, ಅದು ಕಮಟಾಗಿ ಬಟ್ಟೆಗೆ ಕಲೆ ಮಾಡುತ್ತದೆ. ಹೊರಗೆ ಏನಿದೆ ಅಂತ ತಿಳಿಯಲು ಹಿಂಬದಿಯಲ್ಲಿ ಹತ್ತಿಗೆ ಸ್ಪಿರಿಟ್ ಅದ್ದಿ ಒಂದು ಚುಕ್ಕೆ ಒತ್ತಿ ನೋಡಿ. ಅಂಟಂಟಾಗಿ ಕಂದು ಬಣ್ಣ ಬಿಟ್ಟರೆ ಅರಗಿನ ಪಾಲಿಶ್. ಅದನ್ನು ಅದೇ ಅರಗಿನ ಪಾಲಿಶ್‌ನಿಂದ ತಿದ್ದಬಹುದು. ಏನೂ ಬಿಡದಿದ್ದರೆ ಸಾಬೂನಿನ ನೀರಿನಲ್ಲಿ ಬಟ್ಟೆ ಅದ್ದಿ ಗಟ್ಟಿಯಾಗಿ ಹಿಂಡಿ ಒರೆಸಿ, ಒಣಗಿಸಿ, ತೆಳ್ಳಗೆ ಜೇನುಮೇಣ ಉಜ್ಜಿ. ಅಗಸೆ ಎಣ್ಣೆ ಬಳಸಿದರೆ ಒಂದು ಎಚ್ಚರ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗೇ ಬೆಂಕಿ ಹತ್ತುತ್ತದೆ. ಬಿಡಿಸಿ ಹೊರಗೆ ಹರಡಿ ಒಣಗಿಸಿ.

ಎಲ್ಲಾದರೂ ಹಳೆ ಬಣ್ಣ ಬಳಿದಿದ್ದರೆ ಅದನ್ನೂ ಒಣದಾಗಿ ಉಜ್ಜಬೇಡಿ. ಹಳೆ ಪೇಂಟ್‌ನಲ್ಲಿ ಸೀಸ ಇರುತ್ತಿತ್ತು, ಬಸುರಿ ಇರುವ ಮನೆಯಲ್ಲಿ ಆ ಧೂಳು ಏಳಬಾರದು.

ಅಡಿಯ ಫೋಟೋ ಹಾಕಿ ಅಕ್ಕಾ.

ಕೊಪ್ಪದಿಂದ ಅತ್ತಿಗೆ (ಏಪ್ರಿಲ್ 25)

ನಿಮ್ಮ ಅಮ್ಮ ಪೆಟ್ಟಿಗೆ ಮೇಲೆ ಕೂತು ಬಂದದ್ದು ಓದಿ ಕಣ್ಣು ತುಂಬಿತು ಕಣ್ರೀ.

ಮರದ ಕೆಲಸ ಸಾಗರದವರು ಹೇಳಿದ್ದಾರೆ. ನಾನು ಬಟ್ಟೆಯ ಕೆಲಸ ಹೇಳುತ್ತೇನೆ. ನಮ್ಮತ್ತೆ ನಲವತ್ತು ವರ್ಷ ಇಂಥದೊಂದು ಪೆಟ್ಟಿಗೆ ನಡೆಸಿದರು. ಅದರಲ್ಲಿದ್ದ ಕಂಬಳಿಗೆ ಒಂದು ತೂತು ಬಿದ್ದಿರಲಿಲ್ಲ.

ಮೊದಲು ಪೆಟ್ಟಿಗೆಗೆ ಬಿಸಿಲು ತೋರಿಸಬೇಕು. ಬೂಷ್ಟನ್ನು ಅಂಗಳದಲ್ಲೇ ಒಣ ಬ್ರಶ್‌ನಿಂದ ಉಜ್ಜಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಮಗಳು ಹತ್ತಿರ ಬರುವುದು ಬೇಡ. ಮುಚ್ಚಳ ತೆಗೆದು ಬೆಳಿಗ್ಗೆ 8ರಿಂದ 11ರವರೆಗಿನ ಬಿಸಿಲಿಗೆ ಇಡಿ, ಆಮೇಲೆ ಚಪ್ಪರದ ನೆರಳಿಗೆ ಎಳೆಯಿರಿ. ಏಪ್ರಿಲ್ ಮಧ್ಯಾಹ್ನದ ಉರಿಬಿಸಿಲಿಗೆ ದಿನವಿಡೀ ಬಿಟ್ಟರೆ ಮರ ಬಿರಿಯುತ್ತದೆ. ಏಳೆಂಟು ದಿನ ಹೀಗೆ ಮಾಡಿ. ರಾತ್ರಿ ಒಳಗೆ ಒಂದು ಅಗಲ ತಟ್ಟೆಯಲ್ಲಿ ಆರಿದ ಇದ್ದಿಲು ಇಡಿ. ಇದ್ದಿಲು ಪೂರ್ತಿ ಆರಿದೆ ಅಂತ ಕೈಯಿಂದ ಮುಟ್ಟಿ ನೋಡಿಯೇ ಇಡಿ. ವಾಸನೆ ದಿನದಿನಕ್ಕೂ ಇಳಿಯುತ್ತದೆ.

ಈಗ ಕಂಬಳಿ. ಚಳ್ಳಕೆರೆ ಕಡೆ ಕಂಬಳಿ ನೇಯುವವರು ಎಳೆಗೆ ಹುಣಸೆ ಬೀಜದ ಗಂಜಿ ಹಾಕುತ್ತಾರೆ, ಗೊತ್ತಲ್ವಾ? ಹೊಸ ಕಂಬಳಿ ಹಲಗೆಯ ಹಾಗೆ ಸೆಟೆದು ನಿಲ್ಲುವುದು ಆ ಗಂಜಿಯಿಂದಲೇ. ಹುಳು, ಜಿರಳೆ ಅದಕ್ಕೇ ಬರುತ್ತವೆ. ಅದರ ಮೇಲೆ ಬೆವರು, ಹಾಲು, ಅನ್ನದ ಕಲೆ ಇದ್ದರಂತೂ ನುಸಿ ಅಲ್ಲೇ ಮೊಟ್ಟೆ ಇಡುತ್ತದೆ. ಒಗೆದು, ಎರಡು ದಿನ ಬಿಸಿಲಿಗೆ ಹಾಕಿ, ಕೋಲಿನಿಂದ ಎರಡೂ ಮಗ್ಗುಲು ಬಡಿದು, ಆಮೇಲೆ ಸಂಜೆ ನೆರಳಲ್ಲಿ ಪೂರ್ತಿ ತಣ್ಣಗಾಗಲು ಬಿಡಿ. ಬಿಸಿ ಬಿಸಿಯಾಗಿ ಮಡಚಿ ಪೆಟ್ಟಿಗೆಗೆ ಹಾಕಿದರೆ ಒಳಗೆ ಬೆವರುತ್ತದೆ. ನಮ್ಮತ್ತೆ ಮಡಿಕೆಯ ಒಳಕ್ಕೆ ಕೈ ತೂರಿಸಿ ಒಂದು ನಿಮಿಷ ಹಾಗೇ ಇಟ್ಟುಕೊಂಡಿರುತ್ತಿದ್ದರು. ಒಳಗೆ ತಣ್ಣಗಿದೆ, ಒಣಗಿದೆ ಅಂತ ಗೊತ್ತಾದ ಮೇಲೆಯೇ ಒಳಗಿಡುವುದು.

ಅಡಿಗೆ ಒಗೆದ ಹಳೆ ಹತ್ತಿ ಸೀರೆ ಎರಡು ಮಡಿಕೆ ಹಾಸಿ, ಪಕ್ಕದ ಹಲಗೆಗಳಿಗೂ ಅದನ್ನೇ ಎಳೆಯಿರಿ. ಮರಕ್ಕೆ ಬಟ್ಟೆ ನೇರ ತಾಗಿದರೆ ವರ್ಷ ಕಳೆದ ಮೇಲೆ ಹಳದಿ ಕಲೆ ಬರುತ್ತದೆ. ಭಾರದ ಜಮಖಾನ ಅಡಿಗೆ, ಕಂಬಳಿ ನಡುವೆ, ರಜಾಯಿ ಮೇಲೆ. ಅದುಮಿ ತುಂಬಬೇಡಿ. ಮೇಲೆ ನಾಲ್ಕು ಬೆರಳು ಜಾಗ ಖಾಲಿ ಇರಲಿ.

ನುಸಿಗೆ ನಾವು ಬಳಸುವುದು ಬಜೆ, ಲಾವಂಚದ ಬೇರು, ನೆರಳಲ್ಲಿ ಒಣಗಿಸಿದ ಲಕ್ಕಿಸೊಪ್ಪು. ಬಜೆಯನ್ನು ಜಜ್ಜಿ ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ನಾಲ್ಕು ಮೂಲೆಗೂ ಇಡಿ. ಸೊಪ್ಪು ಸ್ವಲ್ಪ ಹಸಿ ಇದ್ದರೂ ಕೆಲಸ ಕೆಡುತ್ತದೆ. ಕೈಯಲ್ಲಿ ಹಿಸುಕಿದರೆ ಪುಡಿಪುಡಿ ಆಗಬೇಕು. ಪ್ರತಿ ವರ್ಷ ಹೊಸದು ಹಾಕಬೇಕು.

ಎಲ್ಲಕ್ಕಿಂತ ಮುಖ್ಯ ಅಂತ ನನಗೆ ಅನಿಸುವುದು ಇದು. ಮಳೆಗಾಲದಲ್ಲಿ ಪೆಟ್ಟಿಗೆ ಮುಚ್ಚಿಟ್ಟು ಮರೆಯಬಾರದು. ನಮ್ಮತ್ತೆ ಹೊಳವಾದ ದಿನ ಬೇರೆ ಕೆಲಸ ನಿಲ್ಲಿಸಿ ಪೆಟ್ಟಿಗೆ ತೆಗೆಯುತ್ತಿದ್ದರು. ಒಂದು ಗಂಟೆ ಬಿಸಿಲು ಬಿದ್ದರೂ ಸಾಕು, ಕಂಬಳಿ ಜಗುಲಿಯ ಗಳಕ್ಕೆ ಬರುತ್ತಿತ್ತು. ಎಂಟು ದಿನ ಹೊಳವೇ ಆಗದಿದ್ದರೆ ಬಚ್ಚಲ ಒಲೆಯ ಮೇಲಿನ ಹಗ್ಗಕ್ಕೆ ಹಾಕಿ ಬೆಚ್ಚಗೆ ಮಾಡುತ್ತಿದ್ದರು. ಒಳ್ಳೆ ಮುಚ್ಚಳ ಹುಳುವನ್ನು ಹೊರಗಿಡುತ್ತದೆ ನಿಜ, ಆದರೆ ಒಳಗೆ ಸೇರಿದ ತಂಡಿಯನ್ನೂ ಅಷ್ಟೇ ಗಟ್ಟಿಯಾಗಿ ಹಿಡಿದಿಡುತ್ತದೆ. ಬೀರುವಿಗೆ ಬಲ್ಬ್ ಹಾಕುವ ಹಾಗೆ ಇದಕ್ಕೂ ಹಾಕೋಣ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಕಂಬಳಿ ತುಂಬಿದ ಪೆಟ್ಟಿಗೆಯಲ್ಲಿ ಬಲ್ಬ್ ಬಟ್ಟೆಗೆ ತಾಗಿದರೆ ಬೆಂಕಿ.

ಶಿವಮೊಗ್ಗ ಔಷಧಿ ಅಂಗಡಿ (ಏಪ್ರಿಲ್ 25)

ಮೇಡಂ, ಕೂಸಿನ ದುಪ್ಪಟಿ ಅಂದಿರಲ್ಲ, ಅದಕ್ಕಾಗಿ ಬರೆಯುತ್ತಿದ್ದೇನೆ. ದಯವಿಟ್ಟು ಡಾಂಬರು ಗುಳಿಗೆ ಹಾಕಬೇಡಿ. ಅದರಲ್ಲಿರುವುದು ನ್ಯಾಫ್ತಲೀನ್. ಜಿ6ಪಿಡಿ ಅನ್ನುವ ಕಿಣ್ವ ಹುಟ್ಟಿನಿಂದಲೇ ಕಡಿಮೆ ಇರುವ ಕೂಸುಗಳಿರುತ್ತವೆ. ಆ ಗುಳಿಗೆ ಜೊತೆ ಇಟ್ಟ ಬಟ್ಟೆ ಹೊದಿಸಿದರೆ ಅಂಥ ಕೂಸಿನ ರಕ್ತದ ಕೆಂಪು ಕಣ ಒಡೆದು ಕಾಮಾಲೆ ಏರಬಹುದು. ಕೂಸಿಗೆ ಆ ತೊಂದರೆ ಇದೆಯಾ ಇಲ್ಲವಾ ಅಂತ ಹೆರಿಗೆಗೆ ಮುಂಚೆ ನಮಗೆ ಗೊತ್ತಿರುವುದಿಲ್ಲ. ಹಾಗಾಗಿ ಕೂಸಿನ ಬಟ್ಟೆಯನ್ನು ಈ ಪೆಟ್ಟಿಗೆಯಿಂದ ಬೇರೆಯೇ ಇಡಿ. ಬಿಳಿಗಾರ ಹಚ್ಚಿದ ಹಲಗೆಗೂ ಅದು ತಾಗಬಾರದು. ಹಳೆ ಗುಳಿಗೆಯ ವಾಸನೆ ಈಗಾಗಲೇ ಹತ್ತಿದ್ದರೆ ಹಲವು ಸಲ ಒಗೆದು, ಬಿಸಿಲಿಗೆ ಹಾಕಿ, ವಾಸನೆ ಪೂರ್ತಿ ಹೋದ ಮೇಲೆಯೇ ಬಳಸಿ.

ಗುಳಿಗೆ ಮತ್ತು ಕರ್ಪೂರ ಎರಡನ್ನೂ ಒಟ್ಟಿಗೆ ಹಾಕುವವರಿದ್ದಾರೆ. ಒಂದಕ್ಕೊಂದು ತಾಗಿದರೆ ಎರಡೂ ಕರಗಿ ಎಣ್ಣೆಯ ಹಾಗೆ ಆಗಿ ಬಟ್ಟೆಗೆ ಕಲೆ ಬೀಳುತ್ತದೆ. ತಂಡಿಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಬಹುದು, ಆದರೆ ಅದು ತುಂಬಿದ ಮೇಲೆ ಬಿಸಿ ಮಾಡಿ ಒಣಗಿಸಿ ಮತ್ತೆ ಇಡಬೇಕು. ನೀರು ತುಂಬಿಕೊಳ್ಳುವ ಡಬ್ಬಿಗಳು ಬರುತ್ತವೆ, ಅವು ಪೆಟ್ಟಿಗೆಗೆ ಬೇಡ. ಮಗುಚಿದರೆ ಕಂಬಳಿ ಕೆಡುತ್ತದೆ.

ತೀರ್ಥಹಳ್ಳಿಯವಳು, ಈಗ ಅಮೆರಿಕ (ಏಪ್ರಿಲ್ 26)

ಅಕ್ಕಾ, ಇಲ್ಲಿ ಇದೊಂದು ದೊಡ್ಡ ಹವ್ಯಾಸ. ಹಳೆ ಕಂಬಳಿ ಪೆಟ್ಟಿಗೆ ಹುಡುಕಿ ಮಂಚದ ಕಾಲಬದಿಗೆ ಇಡುತ್ತಾರೆ. ತುಂಬ ಹಳೆಯವು ಆರೇ ಹಲಗೆಯಲ್ಲಿ ಮಾಡಿದವು. ನಿಮ್ಮ ಪೆಟ್ಟಿಗೆಯ ಎಡಗಡೆ ಇದೆ ಅಂದಿರಲ್ಲ, ಅಂಥದೇ ಪುಟ್ಟ ಗೂಡು ಇಲ್ಲಿನವಕ್ಕೂ ಇರುತ್ತದೆ. ಆಮೇಲೆ ಬಂದದ್ದು ಸೀಡರ್ ಮರದ ಪೆಟ್ಟಿಗೆ. ಆ ಮರದ ವಾಸನೆಗೆ ನುಸಿ ಬರುವುದಿಲ್ಲ ಅಂತ ನಂಬಿಕೆ. ಅದರ ಎಣ್ಣೆ ನುಸಿಯ ತೀರ ಎಳೆ ಮರಿಗಳನ್ನು ಮಾತ್ರ ಕೊಲ್ಲುತ್ತದೆ, ಅದೂ ವಾಸನೆ ಇರುವಷ್ಟು ದಿನ. ನಿಜವಾಗಿ ಕಾಪಾಡುವುದು ಬಿಗಿ ಮುಚ್ಚಳ ಮತ್ತು ಒಗೆದ ಬಟ್ಟೆ. ಕೊಪ್ಪದ ಅತ್ತಿಗೆ ಹೇಳಿದ್ದು ಅದನ್ನೇ. ಕಂಬಳಿಯಲ್ಲಿ ಈಗಾಗಲೇ ನುಸಿ ಇದೆ ಅಂತ ಅನುಮಾನ ಇದ್ದರೆ, ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಕಟ್ಟಿ ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ ಒಂದು ವಾರ ಇಟ್ಟರೆ ಮೊಟ್ಟೆ ಸಮೇತ ಸಾಯುತ್ತದೆ. ಐಸ್‌ಕ್ರೀಂ ಅಂಗಡಿಯವರು ಪರಿಚಯ ಇದ್ದರೆ ಕೇಳಿ ನೋಡಿ.

ನಾನು ಬರೆಯಲು ಕೂತದ್ದು ಬೇರೆ ಕಾರಣಕ್ಕೆ. ಇಲ್ಲಿ ಒಂದು ದೊಡ್ಡ ಕಂಪನಿ 1912ರಿಂದ 1987ರವರೆಗೆ ಮಾಡಿದ ಸೀಡರ್ ಪೆಟ್ಟಿಗೆಗಳಿಗೆ ಮುಚ್ಚಿದ ಕೂಡಲೇ ತಾನಾಗೇ ಬೀಳುವ ಬೀಗ ಇತ್ತು. ಒಳಗಿಂದ ತೆಗೆಯಲು ಬರುತ್ತಿರಲಿಲ್ಲ. ಆಟ ಆಡುತ್ತಾ ಒಳಗೆ ಅಡಗಿದ ಮಕ್ಕಳು ಉಸಿರುಕಟ್ಟಿ ತೀರಿಕೊಂಡರು. 1996ರಲ್ಲಿ ಸುಮಾರು 1 ಕೋಟಿ 20 ಲಕ್ಷ ಪೆಟ್ಟಿಗೆಗಳ ಬೀಗ ಬದಲಿಸಿಕೊಳ್ಳಿ ಅಂತ ಪ್ರಕಟಣೆ ಬಂತು. ಆ ಪೆಟ್ಟಿಗೆಗಳು ಅಜ್ಜಿಯರಿಂದ ಮೊಮ್ಮಕ್ಕಳಿಗೆ ಹೋಗುತ್ತಲೇ ಇರುತ್ತವೆ, ಬೀಗವೂ ಜೊತೆಗೇ ಹೋಗುತ್ತದೆ.

ನಿಮ್ಮದರ ಕೊಂಡಿ ಹೇಗಿದೆ? ಮುಚ್ಚಳ ಬಿದ್ದಾಗ ತಾನಾಗೇ ಸಿಕ್ಕಿಕೊಳ್ಳುತ್ತದಾ? ಹಾಗಿದ್ದರೆ ಈಗಲೇ ಬಿಚ್ಚಿಡಿ. ಮುಚ್ಚಳ ಭಾರ ಇದ್ದರೆ ಕೈ ಮೇಲೆ, ಕುತ್ತಿಗೆ ಮೇಲೆ ಬೀಳದ ಹಾಗೆ ಏನಾದರೂ ತಡೆ ಹಾಕಿಸಿ. ಎರಡು ವರ್ಷಕ್ಕೆ ಮೊಮ್ಮಗು ಮನೆಯಲ್ಲೆಲ್ಲ ಓಡಾಡುತ್ತಿರುತ್ತದೆ.

ಹೊಸನಗರ ಕೋರ್ಟ್ ರಸ್ತೆ (ಏಪ್ರಿಲ್ 26)

ಮಾರುವುದಿಲ್ಲ ಅಂದಿದ್ದು ಸರಿ. ಆದರೂ ತಿಳಿದಿರಲಿ. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ 100 ವರ್ಷ ದಾಟಿದ ಕಲೆ ಕುಸುರಿಯ ವಸ್ತು ಪುರಾತನ ವಸ್ತು ಅನಿಸಿಕೊಳ್ಳಬಹುದು. ಅಂಥದನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ, ಅದರ ವ್ಯಾಪಾರ ಮಾಡಲು ಲೈಸೆನ್ಸ್ ಬೇಕು. ಮನೆಯಲ್ಲಿ ಇಟ್ಟುಕೊಂಡು ಬಳಸಲು ಯಾವ ಅಡ್ಡಿಯೂ ಇಲ್ಲ. ಪೆಟ್ಟಿಗೆಯ ನಾಲ್ಕೂ ಕಡೆ ಫೋಟೋ ತೆಗೆದು, ಅಮ್ಮ ಹೇಳಿದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದಿಡಿ. ಹಿಸ್ಸೆ ಪತ್ರದಲ್ಲಿ ಪೆಟ್ಟಿಗೆ ನಿಮ್ಮ ಪಾಲಿಗೆ ಅಂತ ಒಂದು ಸಾಲು ಇದ್ದರೆ ಇನ್ನೂ ಒಳ್ಳೆಯದು.

ಮಂಡಗದ್ದೆ ಹೊಳೆಬದಿ (ಮೇ 19)

ಎಲ್ಲರಿಗೂ ಕೈಮುಗಿಯುತ್ತೇನೆ. ಉತ್ತರ ತಡವಾಯಿತು, ಕೆಲಸ ಮಾಡಿ ಮುಗಿಸಿ ಬರೆಯೋಣ ಅಂತ ಕಾದೆ.

ಸಾಗರದ ಅಣ್ಣಾ, ಗೀರಿ ನೋಡಿದೆ. ನಾಲ್ಕೂ ಪಕ್ಕ ಹಲಸು. ಅಷ್ಟು ಕಪ್ಪು ಮರದೊಳಗಿಂದ ಅರಿಶಿನ ಕೊಂಬಿನ ಹಾಗೆ ಹಳದಿ ಎದ್ದು ಬಂತು. ಮುಚ್ಚಳ ಮಾತ್ರ ಸಾಗುವಾನಿ. ಅಮ್ಮನಿಗೆ ಫೋನ್ ಮಾಡಿ ಹೇಳಿದೆ. "ಹಲಸು ಇರಲೇಬೇಕು, ಹಿತ್ತಿಲ ಮರ ಗಾಳಿಗೆ ಬಿದ್ದಾಗ ಅಪ್ಪನ ಅಪ್ಪ ಮಾಡಿಸಿದ್ದಂತೆ" ಅಂದಳು. ಇಷ್ಟು ವರ್ಷ ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ಅಡಿಗೆ ಕೈ ಆಡಿಸಿದೆ. ನೀವು ಹೇಳಿದ ಬಾಚಿಯ ಅಲೆ ಹಾಗೇ ಸಿಕ್ಕಿತು. ಒಂದೊಂದು ತಗ್ಗೂ ನನ್ನ ಹೆಬ್ಬೆರಳಿನಷ್ಟು ಅಗಲ.

ಕಪ್ಪು ಬಟ್ಟೆಯ ಮೇಲೆ 2 ವಾರದಲ್ಲಿ ಒಂದು ಚಿಟಿಕೆ ಹೊಸ ಪುಡಿ ಬಿತ್ತು. ಅದೂ ಅಡಿ ಹಲಗೆಯ ಬಿಳಿ ಅಂಚಿನಿಂದ. ಬಿಳಿಗಾರ ಮೂರು ಸಲ ಹಚ್ಚಿ ಒಣಗಿಸಿದೆ. ಈಗ ಬೀಳುತ್ತಿಲ್ಲ. ಬಟ್ಟೆ ಇನ್ನೂ ಅಲ್ಲೇ ಹಾಸಿದ್ದೇನೆ. ಸೀಳು ಮುಟ್ಟಿಲ್ಲ.

ಬಿಸಿಲಿಗೆ ಒಂಬತ್ತು ದಿನ ಇಟ್ಟೆ. ಐದನೇ ದಿನ ಎಡಗಡೆಯ ಗೂಡಿನ ಮುಚ್ಚಳ ತಾನಾಗೇ ಸಡಿಲ ಆಯಿತು. ಅಲ್ಲಿಯವರೆಗೆ ಅದು ಬಿಗಿದುಕೊಂಡಿತ್ತು, ಒತ್ತಾಯ ಮಾಡಲು ಮನಸ್ಸಾಗಿರಲಿಲ್ಲ. ಒಳಗೆ ಬಟ್ಟೆಯ ಒಂದು ಗಂಟು. ಬಿಚ್ಚಿದರೆ ಬಜೆಯ ಎರಡು ತುಂಡು. ಕಲ್ಲಾಗಿದ್ದವು. ಮುರಿದಾಗ ಒಳಗಿಂದ ಇನ್ನೂ ಸ್ವಲ್ಪ ವಾಸನೆ ಬಂತು. ಕೊಪ್ಪದ ಅತ್ತಿಗೆ, ನಿಮ್ಮತ್ತೆ ಮಾಡುತ್ತಿದ್ದದ್ದನ್ನೇ ನಮ್ಮಜ್ಜಿಯೂ ಮಾಡುತ್ತಿದ್ದಳು. ಹೊಸ ಬಜೆ ತಂದು ಜಜ್ಜಿ, ಆ ಹಳೆ ಗಂಟಿನ ಬಟ್ಟೆಯಲ್ಲೇ ಕಟ್ಟಿ ಅದೇ ಗೂಡಿನಲ್ಲಿ ಇಟ್ಟಿದ್ದೇನೆ.

ಪೆಟ್ಟಿಗೆಯನ್ನು ನಡುಮನೆಯಲ್ಲಿ, ಗೋಡೆಯಿಂದ ನಾಲ್ಕು ಬೆರಳು ಬಿಟ್ಟು ಇರಿಸಿದೆ. ನಮ್ಮದು ಜಂಬಿಟ್ಟಿಗೆ ಗೋಡೆ, ಮಳೆಗಾಲದಲ್ಲಿ ಮುಟ್ಟಿದರೆ ಒದ್ದೆ. ಕಾಲುಗಳ ಕೆಳಗೆ ಕಡಪ ಕಲ್ಲಿನ ತುಂಡು ಕೊಟ್ಟಿದ್ದೇನೆ. ಕೊಂಡಿ ತಾನಾಗೇ ಬೀಳುವುದಲ್ಲ, ಕೈಯಿಂದ ಹಾಕಬೇಕು. ಆದರೂ ಅಮೆರಿಕದ ತಂಗಿ ಬರೆದದ್ದು ಓದಿದ ರಾತ್ರಿ ನಿದ್ದೆ ಬರಲಿಲ್ಲ. ಮಾರನೇ ದಿನವೇ ಮುಚ್ಚಳದ ಎರಡೂ ಕಡೆ ಸರಪಳಿ ಹಾಕಿಸಿ, ಮುಂದಿನ ಅಂಚಿಗೆ ಎರಡು ಸಣ್ಣ ಮರದ ತುಂಡು ಕೂರಿಸಿದೆ. ಈಗ ಮುಚ್ಚಿದರೂ ಬೆರಳು ಹೋಗುವಷ್ಟು ಸಂದು ಉಳಿಯುತ್ತದೆ. ನುಸಿ ಹೋಗದ ಹಾಗೆ ಆ ಸಂದಿಗೆ ತೆಳು ಬಟ್ಟೆಯ ಪಟ್ಟಿ ಒಳಗಿಂದ ಹೊಡೆಸಿದ್ದೇನೆ. ಇದು ಸರಿಯಾ ಅಣ್ಣಾ?

ಕೂಸಿನ ದುಪ್ಪಟಿ ಎಲ್ಲ ಒಗೆದು ಬೇರೆ ಬುಟ್ಟಿಯಲ್ಲಿ ಇಟ್ಟಾಯಿತು.

ಸಾಗರದ ಆಚಾರಿ ಮನೆ (ಮೇ 19)

ಸರಿ ಇದೆ ಅಕ್ಕಾ, ಗಾಳಿ ಆಡಲೂ ಒಳ್ಳೆಯದಾಯಿತು. ಸರಪಳಿಯನ್ನು ಮುಚ್ಚಳ ನೆಟ್ಟಗೆ ನಿಂತು ಸ್ವಲ್ಪವೇ ಹಿಂದಕ್ಕೆ ವಾಲುವಷ್ಟು ಇಡಿ. ಜಾಸ್ತಿ ಉದ್ದ ಆದರೆ ಎಲ್ಲ ಭಾರ ಬಿಜಾಗ್ರಿ ಮೇಲೆ ಬಿದ್ದು ಸ್ಕ್ರೂ ಕಿತ್ತು ಬರುತ್ತದೆ. ಬಿದ್ದ ಹಲಸಿಗೆ ಸಾಗುವಾನಿ ಮುಚ್ಚಳ ಯಾಕೆ ಹಾಕಿದರು ಅಂತ ಯೋಚಿಸುತ್ತಿದ್ದೆ. ಸಾಗುವಾನಿ ತಂಡಿಗೆ ಕಡಿಮೆ ಉಬ್ಬುತ್ತದೆ. ಮುಚ್ಚಳ ಉಬ್ಬಿದರೆ ಬಿಜಾಗ್ರಿ ಹಿಡಿಯುತ್ತದೆ, ತೆಗೆಯಲು ಬರುವುದಿಲ್ಲ. ಮಳೆಗಾಲದಲ್ಲೂ ದಿನಾ ತೆಗೆಯುವ ಪೆಟ್ಟಿಗೆ ಅಂತ ತಿಳಿದೇ ಮಾಡಿದ್ದಾರೆ ಅನಿಸುತ್ತದೆ. ಒಳ್ಳೆ ಕೈ.

ಮಂಡಗದ್ದೆ ಹೊಳೆಬದಿ (ಜುಲೈ 11)

ಹನ್ನೊಂದು ದಿನ ಬಿಡದೆ ಹೊಡೆದ ಮಳೆ ನಿನ್ನೆ ಹೊಳವಾಯಿತು. ಅಮ್ಮ ಇಲ್ಲಿಗೇ ಬಂದಿದ್ದಾಳೆ, ಹೆರಿಗೆ ಮುಗಿಯುವವರೆಗೆ ಇರುತ್ತಾಳೆ. ಬಿಸಿಲು ಕಂಡ ಕೂಡಲೇ ನನಗಿಂತ ಮುಂಚೆ ಅವಳೇ ಹೋಗಿ ಕೊಂಡಿ ತೆಗೆದಳು. ಕಂಬಳಿಯ ಮಡಿಕೆಯೊಳಗೆ ಕೈ ತೂರಿಸಿ ನೋಡಿದೆ. ಒಣಗಿತ್ತು. ಹಿಂಬದಿಯ ಹಲಗೆಯಲ್ಲಿ ಬೂಷ್ಟಿಲ್ಲ. ವಾಸನೆ ಬಜೆಯದು, ಸ್ವಲ್ಪ ಮರದ್ದು. ಮುಚ್ಚಳದ ಸೀಳು ಈಗ ಕೂದಲೆಳೆಯಷ್ಟಿದೆ, ಹುಡುಕಿದರೆ ಮಾತ್ರ ಕಾಣುತ್ತದೆ.

ಬಲಗಡೆಯ ಸರಪಳಿ ಒಂದು ಕೊಂಡಿಯಷ್ಟು ಉದ್ದ ಆಗಿದೆ ಅಣ್ಣಾ, ಮುಚ್ಚಳ ಸ್ವಲ್ಪ ಓರೆ ನಿಲ್ಲುತ್ತದೆ. ಈ ವಾರವೇ ಕಡಿಮೆ ಮಾಡಿಸುತ್ತೇನೆ.